ಕಿವಿ ಮೊರೆತ: ದಿನಚರಿಯ ಲೆಕ್ಕ ಬರೆದಿಡಿರಿ

ಹರಿಹರ ತಾಲ್ಲೂಕಿನ ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುವ ನಮ್ಮ ಬೀಗರೊಬ್ಬರು, ಮೊಮ್ಮಕ್ಕಳ ಶಾಲೆಯ ಸಲುವಾಗಿ ಮಗ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಮನೆ ಮಾಡಿದಾಗ, ಸುಗ್ಗಿ ಮುಗಿಸಿ ತಾವೂ ಅಲ್ಲಿಗೆ ಬಂದು ಇರತೊಡಗಿದರು. ಬಂದ ವಾರದಲ್ಲಿಯೇ ಒಂದು ರಾತ್ರಿ, ಒಂದು ಗಂಟೆಯ ಸುಮಾರಿಗೆ, ಎದ್ದು ಮಗನ ಕೋಣೆಯ ಬಾಗಿಲು ತಟ್ಟಿದರು. "ಸಂಪಿನ ಮೋಟಾರು ಆರ್ಸೋದು ಮರ್ತೀಯೇನೋ, ಓಡ್ತಾನೇ ಐತಲ್ಲೋ" ಎಂದರು. "ಇಲ್ಲಪ್ಪಾಜಿ, ಸಂಜೆನೇ ಆರ್ಸೀನಿ" ಎಂದು ಮಗ ಹೇಳಿದರೂ ನಂಬದೆ, ಹೊರಗೆ ಬಂದು ಮೋಟಾರಿನ ಮೇಲೆ ಕೈಯಿಟ್ಟು ನೋಡಿದರು. ತಣ್ಣಗಿತ್ತು. ಪಕ್ಕದ ಮನೆಯದಿರಬಹುದೆಂದು ಕಾಂಪೌಂಡಿನ ಗೋಡೆಯ ಬಳಿ ನಿಂತು ಕಿವಿಗೊಟ್ಟರು. ಬೀದಿ ನಿಶ್ಶಬ್ದವಾಗಿತ್ತು. ಮೂರನೆಯ ರಾತ್ರಿಯ ಹೊತ್ತಿಗೆ, ಆ ಮೋಟಾರು ಓಡುತ್ತಿರುವುದು ತಮ್ಮ ತಲೆಯೊಳಗೇ ಎಂಬುದು ಅವರಿಗೆ ತಿಳಿಯಿತು.

ಮಾರನೆಯ ಭಾನುವಾರ ನಾನು ಅವರ ಮನೆಗೆ ಹೋದಾಗ ಮಾತಿಗೆ ಮಾತು ಬಂದು ಇದನ್ನು ಹೇಳಿದರು. "ಊರಾಗೂ ಇತ್ತೇನೋ ಬೀಗ್ರೆ, ಗೊತ್ತಾಗ್ತಿರ್ಲಿಲ್ಲ" ಎಂದರು. ಅವರ ಮಾತು ನಿಜವಿರಬೇಕು. ನಾಲೆಗೆ ನೀರು ಬಿಟ್ಟ ಮೇಲೆ ಗದ್ದೆಯ ಬದಿಯ ಮನೆಯಲ್ಲಿ ರಾತ್ರಿಯೆಲ್ಲ ಕಪ್ಪೆಗಳ ಗದ್ದಲ, ಜೀರುಂಡೆಯ ಸದ್ದು, ಕೊಟ್ಟಿಗೆಯಲ್ಲಿ ದನಗಳ ಕೊರಳಗಂಟೆ, ದೂರದಲ್ಲಿ ಯಾರದೋ ಪಂಪು. ಇಷ್ಟೆಲ್ಲ ಸದ್ದಿನಲ್ಲಿ ಕಿವಿಯೊಳಗಿನ ಸಣ್ಣ ಮೊರೆತ ಮುಚ್ಚಿಹೋಗುತ್ತದೆ. ಬಡಾವಣೆಯ ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದು ಬಯಲಿಗೆ ಬರುತ್ತದೆ. 1953ರಲ್ಲಿ ಅಮೆರಿಕದಲ್ಲಿ ಹೆಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು ತಜ್ಞರು, ಕಿವಿ ಚೆನ್ನಾಗಿಯೇ ಕೇಳುತ್ತಿದ್ದ 80 ಮಂದಿಯನ್ನು ಒಬ್ಬೊಬ್ಬರಾಗಿ ಸದ್ದು ಹೊಗದ ಕೋಣೆಯಲ್ಲಿ ಕೆಲವು ನಿಮಿಷ ಕೂರಿಸಿ, ಏನು ಕೇಳಿಸಿತೆಂದು ವಿಚಾರಿಸಿದರು. ನೂರಕ್ಕೆ 94ರಷ್ಟು ಜನ ಒಂದಲ್ಲ ಒಂದು ಸದ್ದು ಕೇಳಿಸಿತೆಂದರು! ಆದುದರಿಂದ ಕಿವಿಯಲ್ಲಿ ಸದ್ದು ಕೇಳಿಸುವುದೇ ದೊಡ್ಡ ರೋಗವೆಂದು ತಿಳಿಯಬೇಕಾಗಿಲ್ಲ. ಆ ಸದ್ದು ನಮ್ಮ ದಿನದ ಬದುಕಿನಿಂದ ಏನನ್ನು ಕಿತ್ತುಕೊಂಡಿತು ಎಂಬುದರ ಮೇಲೆ ಅದರ ತೂಕ ನಿಂತಿದೆ. ಈ ಲೆಕ್ಕವನ್ನು ನಮ್ಮ ರೈತರು ಹಾಕುತ್ತಿಲ್ಲ, ಹಾಕಿಸಬೇಕಾದವರೂ ಹಾಕಿಸುತ್ತಿಲ್ಲ ಎಂಬುದೇ ಈ ಲೇಖನದ ಆಕ್ಷೇಪ.

ಹೊರಗೆ ಸದ್ದಿಲ್ಲದಿರುವಾಗಲೂ ಕಿವಿಯಲ್ಲಿ ಅಥವಾ ತಲೆಯಲ್ಲಿ ಗುಂಯ್ ಎಂದೋ, ಸಿಳ್ಳೆಯಂತೆಯೋ, ಕುಕ್ಕರಿನ ಹಬೆಯಂತೆಯೋ ಸದ್ದು ಕೇಳುತ್ತಿದ್ದರೆ ಅದನ್ನು ಕಿವಿ ಮೊರೆತ ಎನ್ನುತ್ತಾರೆ. ವೈದ್ಯರ ಚೀಟಿಯಲ್ಲಿ ಅದು ಟಿನಿಟಸ್. ಹೊಸ ಕಾಲದ ಕಾಯಿಲೆಯೆಂದು ಕೆಲವರು ಹೇಳುವುದುಂಟು, ಅದು ಸರಿಯಲ್ಲ. ಸುಶ್ರುತ ಸಂಹಿತೆಯಲ್ಲಿ ಎಣಿಸಿರುವ 28 ಕಿವಿರೋಗಗಳಲ್ಲಿ ಕರ್ಣನಾದ ಒಂದು, ಕರ್ಣಕ್ಷ್ವೇಡ ಮತ್ತೊಂದು. ಮೊದಲನೆಯದರಲ್ಲಿ ಭೇರಿ, ಶಂಖಗಳಂಥ ಸದ್ದು, ಎರಡನೆಯದರಲ್ಲಿ ಕೊಳಲಿನಂಥ ಸಣ್ಣ ಸದ್ದು ಎಂದು ಬೇರೆ ಮಾಡಿದ್ದಾರೆ. ಎಷ್ಟು ಜನರಿಗೆ ಇದು ಇರಬಹುದು? ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ಒಂದು ವರದಿಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ಮೊರೆತದ ಅನುಭವವಿದೆ. ಬದುಕನ್ನೇ ಕೆಡಿಸುವಷ್ಟು ತೀವ್ರವಾಗಿರುವುದು ನೂರಕ್ಕೆ ಸುಮಾರು ಇಬ್ಬರಿಗೆ. ಈ 14ಕ್ಕೂ 2ಕ್ಕೂ ನಡುವಣ ಅಂತರವನ್ನು ನೋಡಿರಿ. ಸದ್ದು ಇರುವವರೆಲ್ಲರೂ ನರಳುವುದಿಲ್ಲ, ನರಳುವ ಇಬ್ಬರನ್ನು ಹುಡುಕಿ ತೆಗೆಯುವುದೇ ಮುಖ್ಯವಾದ ಕೆಲಸ.

ಸದ್ದು ಹುಟ್ಟುವ ಬಗೆ

ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಅಂಗವಿದೆ. ಅದರೊಳಗೆ ಸಾಲಾಗಿ ಹದಿನೈದು ಸಾವಿರದಷ್ಟು ಅತಿ ಸೂಕ್ಷ್ಮ ಕೋಶಗಳಿದ್ದು, ಅವುಗಳ ತುದಿಯಲ್ಲಿ ಪೈರಿನ ಮೊಳಕೆಯಂತೆ ರೋಮಗಳಿರುತ್ತವೆ. ಸದ್ದಿನ ಅಲೆ ಬಂದಾಗ ಇವು ಬಾಗಿ, ಆ ಸುದ್ದಿಯನ್ನು ನರದ ಮೂಲಕ ಮಿದುಳಿಗೆ ಕಳಿಸುತ್ತವೆ. ಗಾಳಿಗೆ ಬಾಗಿದ ಭತ್ತ ಮತ್ತೆ ನೆಟ್ಟಗಾಗುತ್ತದೆ. ಬಿರುಗಾಳಿಗೆ ಮಲಗಿದ ಭತ್ತ ಏಳುವುದಿಲ್ಲ. ಈ ರೋಮಗಳೂ ಹಾಗೆಯೇ. ದಿನವೂ ಭಾರಿ ಸದ್ದಿಗೆ ಸಿಕ್ಕಿದ ಕೋಶ ಸತ್ತರೆ ಅದರ ಜಾಗದಲ್ಲಿ ಇನ್ನೊಂದು ಹುಟ್ಟುವುದಿಲ್ಲ. ಮೊದಲು ಸಾಯುವುದು ಕೀಚಲು ಸದ್ದನ್ನು ಹಿಡಿಯುವ ಕೋಶಗಳು. ಅತ್ತ ಕಡೆಯಿಂದ ಸುದ್ದಿ ಬರುವುದು ನಿಂತಾಗ ಮಿದುಳು ಸುಮ್ಮನಿರುವುದಿಲ್ಲ. ದೂರದ ಸ್ಟೇಷನ್ ಸರಿಯಾಗಿ ಸಿಕ್ಕದಿದ್ದಾಗ ರೇಡಿಯೋದ ಗುಂಡಿಯನ್ನು ಪೂರ್ತಿ ತಿರುಗಿಸಿದರೆ ಹಾಡಿನ ಬದಲು ಸುಂಯ್ ಎಂಬ ಸದ್ದಷ್ಟೇ ಬರುವುದಿಲ್ಲವೆ? ಮಿದುಳು ತಾನೇ ಹಾಗೆ ಗುಂಡಿ ತಿರುಗಿಸಿಕೊಳ್ಳುತ್ತದೆಂದು ಇಂದಿನ ತಜ್ಞರಲ್ಲಿ ಹೆಚ್ಚಿನವರು ತಿಳಿಯುತ್ತಾರೆ.

ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತರೂ ಮೊರೆತ ಬರಬಹುದು. ಕಿವಿ ಸೋರುವುದರಿಂದಲೂ, ರಕ್ತದೊತ್ತಡದಿಂದಲೂ, ಕೆಲವು ಔಷಧಿಗಳಿಂದಲೂ ಬರಬಹುದು. ಹೆಚ್ಚಿನ ಪ್ರಮಾಣದ ಆಸ್ಪಿರಿನ್, ಕ್ವಿನೈನ್, ಜೆಂಟಮೈಸಿನ್ ಗುಂಪಿನ ಇಂಜೆಕ್ಷನ್ನುಗಳು ಇಂಥವು. ಆದರೆ ನಮ್ಮ ಭಾಗದ ದುಡಿಯುವ ರೈತನ ಮಟ್ಟಿಗೆ ಮೊದಲು ಸಂಶಯಪಡಬೇಕಾದದ್ದು ಯಂತ್ರದ ಸದ್ದನ್ನು.

ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯಲ್ಲಿ ಹತ್ತಿ ಗಿರಣಿಯ ಕೆಲಸಗಾರರಿಗೆ ಕಿವಿ ಮಂದವಾಗುವುದು ಎಲ್ಲರಿಗೂ ತಿಳಿದ ವಿಷಯವಾಗಿತ್ತು. ಗಿರಣಿಯ ಆ ಸದ್ದು ಈಗ ಹೊಲಕ್ಕೆ ಬಂದಿದೆ. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರ್ ಪೂರ್ಣ ಹೊರೆಯ ಮೇಲೆ ಓಡುವಾಗ ಚಾಲಕನ ಕಿವಿಯ ಬಳಿ ಸದ್ದು 90 ಡೆಸಿಬಲ್ ದಾಟುವುದು ಸಾಮಾನ್ಯ. ಪವರ್ ಟಿಲ್ಲರ್, ಮೆಕ್ಕೆಜೋಳ ಬಿಡಿಸುವ ಯಂತ್ರ, ಅಡಿಕೆ ತೋಟದಲ್ಲಿ ಹೆಗಲಿಗೆ ಹಾಕಿಕೊಂಡು ಕಳೆ ಕೊಚ್ಚುವ ಯಂತ್ರ ಇವೂ ಅದೇ ಸಾಲಿನವು. ಈಗ ತಜ್ಞರು ಒಪ್ಪಿರುವ ಲೆಕ್ಕವೇನೆಂದರೆ, 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮಾತ್ರ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಂತೆ ಹೊತ್ತು ಅರ್ಧಕ್ಕಿಳಿಯುತ್ತದೆ. ಎಂದರೆ 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಕಾಲು ಗಂಟೆ. ನಾಟಿಯ ಕಾಲದಲ್ಲಿ ಬಾಡಿಗೆ ಟ್ರ್ಯಾಕ್ಟರ್ ಓಡಿಸುವ ಹುಡುಗ ಬೆಳಗ್ಗೆ ಆರಕ್ಕೆ ಗದ್ದೆಗೆ ಇಳಿದರೆ ರಾತ್ರಿ ಲೈಟು ಹಾಕಿಕೊಂಡು ಉಳುತ್ತಿರುತ್ತಾನೆ. ಇದರ ಮೇಲೆ ಎರಡು ದೊಡ್ಡ ಸ್ಪೀಕರು ಕಟ್ಟಿ ಎಂಜಿನ್ನಿನ ಸದ್ದನ್ನೂ ಮೀರಿಸುವಂತೆ ಹಾಡು ಹಾಕಿಕೊಳ್ಳುವ ಶೋಕಿ ಬೇರೆ! ಕಾರ್ಖಾನೆಯ ಕಾರ್ಮಿಕನಿಗಾದರೆ ಸದ್ದಿನ ಮಿತಿಯುಂಟು. ಸದ್ದಿನಿಂದಾಗುವ ಕಿವುಡನ್ನು 1948ರ ಕಾರ್ಖಾನೆ ಕಾಯಿದೆಯ ರೋಗಪಟ್ಟಿಯಲ್ಲಿ ಸೇರಿಸಲಾಗಿತ್ತು. ತನ್ನ ಹೊಲವನ್ನು ತಾನೇ ಉಳುವವನ ಕಿವಿಯನ್ನು ಯಾರೂ ಕೇಳುವುದಿಲ್ಲ.

ಅಳೆಯುವುದು ಹೇಗೆ?

ನಮ್ಮ ಬೀಗರು ಮೊದಲು ತೋರಿಸಿಕೊಂಡ ಕಡೆಯಲ್ಲಿ, "ವಯಸ್ಸಾಯ್ತಲ್ಲ ಯಜಮಾನ್ರೆ, ಹೊಂದ್ಕೊಂಡು ಹೋಗ್ಬೇಕು" ಎಂದು ಹೇಳಿ ಮೂರು ತಿಂಗಳ ಮಾತ್ರೆ ಬರೆದುಕೊಟ್ಟರು. ಮಾತ್ರೆ ಮುಗಿಯಿತು, ಮೋಟಾರು ನಿಲ್ಲಲಿಲ್ಲ. ಮೊರೆತವನ್ನು ನಿಲ್ಲಿಸುವ ಮಾತ್ರೆ ಇಂದಿಗೂ ಇಲ್ಲವೆಂಬುದನ್ನು ರೈತರು ತಿಳಿದಿರುವುದು ಒಳ್ಳೆಯದು, ಹಣವಾದರೂ ಉಳಿದೀತು. ಎರಡನೆಯ ಸಲ ಹೋದ ಕಡೆಯಲ್ಲಿ ಶ್ರವಣ ಪರೀಕ್ಷೆ ಮಾಡಿದರು. ಅಲ್ಲಿ ತಿಳಿದ ಒಂದು ಸಂಗತಿ ನನಗೂ ಹೊಸದಾಗಿತ್ತು. ಹೊರಗಿನಿಂದ ಯಂತ್ರದ ಮೂಲಕ ಸದ್ದು ಕೊಟ್ಟು, ರೋಗಿಗೆ ಕೇಳುವ ಮೊರೆತಕ್ಕೆ ಅದನ್ನು ಸರಿಹೊಂದಿಸಿದಾಗ, ಎಷ್ಟೋ ಜನರಲ್ಲಿ ಮೊರೆತದ ಜೋರು ಅವರಿಗೆ ಕೇಳಿಸುವ ಅತಿ ಸಣ್ಣ ಸದ್ದಿಗಿಂತ ಐದರಿಂದ ಹದಿನೈದು ಡೆಸಿಬಲ್ ಮಾತ್ರ ಹೆಚ್ಚಿರುತ್ತದೆ. ಎಂದರೆ ಎಲೆ ಅಲುಗಿದಷ್ಟು. ಅಷ್ಟೇ ಸದ್ದಿರುವ ಒಬ್ಬನು ಉಂಡು ಮಲಗಿ ನಿದ್ದೆ ಮಾಡುತ್ತಾನೆ, ಇನ್ನೊಬ್ಬನು ರಾತ್ರಿಯೆಲ್ಲ ಜಗಲಿಯ ಮೇಲೆ ಕೂರುತ್ತಾನೆ. ಡೆಸಿಬಲ್ ಮಾಪಕ ಈ ಇಬ್ಬರನ್ನು ಬೇರೆ ಮಾಡಿ ತೋರಿಸಲಾರದು.

ಈ ಕಾರಣಕ್ಕಾಗಿಯೇ 1996ರಲ್ಲಿ ಅಮೆರಿಕದ ನ್ಯೂಮನ್, ಜೇಕಬ್ಸನ್, ಸ್ಪಿಟ್ಜರ್ ಎಂಬ ತಜ್ಞರು 25 ಪ್ರಶ್ನೆಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿದರು. ಪ್ರತಿ ಪ್ರಶ್ನೆಗೆ ಹೌದು ಎಂದರೆ 4 ಅಂಕ, ಕೆಲವೊಮ್ಮೆ ಎಂದರೆ 2, ಇಲ್ಲವೆಂದರೆ ಸೊನ್ನೆ. ಒಟ್ಟು ನೂರು. ನಿದ್ದೆ ಹತ್ತುವುದು ಕಷ್ಟವೆ, ಗಮನವಿಟ್ಟು ಕೆಲಸ ಮಾಡಲು ಆಗುವುದಿಲ್ಲವೆ, ಸಿಟ್ಟು ಬರುತ್ತದೆಯೆ, ಮನೆಯವರೊಡನೆ ಮನಸ್ತಾಪವಾಗುತ್ತಿದೆಯೆ, ಇದರಿಂದ ಬಿಡುಗಡೆಯೇ ಇಲ್ಲವೆನಿಸುತ್ತದೆಯೆ ಎಂಬಂಥ ವಿಷಯಗಳನ್ನು ಅದರಲ್ಲಿ ಕೇಳಲಾಗುತ್ತದೆ. 16ರವರೆಗೆ ಬಂದರೆ ಅಲ್ಪ, 18ರಿಂದ 36 ಸೌಮ್ಯ, 38ರಿಂದ 56 ಮಧ್ಯಮ, 58ರಿಂದ 76 ತೀವ್ರ, ಅದಕ್ಕೂ ಮೇಲೆ ಅತಿ ತೀವ್ರ. ಈ ಪಟ್ಟಿಯನ್ನು ಹಲವು ಭಾಷೆಗಳಿಗೆ ತಂದಿದ್ದಾರೆ. ಕನ್ನಡದಲ್ಲಿಯೂ ಅದು ಸಿದ್ಧವಾಗಿದೆ. ಕೇಳಿ ಅಂಕ ಕೂಡಿಸಲು ಹತ್ತು ನಿಮಿಷ ಸಾಕು. ಬೀಗರಿಗೆ 62 ಬಂತು.

ಪಟ್ಟಿ ಒಳ್ಳೆಯದೇ. ಆದರೆ ಅದು ನಗರವಾಸಿಯ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಮೊರೆತದಿಂದಾಗಿ ಹೊರಗೆ ಊಟಕ್ಕೆ, ಸಿನಿಮಾಕ್ಕೆ ಹೋಗಲು ಅಡ್ಡಿಯಾಗಿದೆಯೆ ಎಂದು ಒಂದು ಪ್ರಶ್ನೆ. ಓದಲು ಕಷ್ಟವಾಗುತ್ತದೆಯೆ ಎಂದು ಇನ್ನೊಂದು. ಬೀಗರು ಎರಡಕ್ಕೂ ಇಲ್ಲ ಎಂದರು. ಸಿನಿಮಾ ಬಿಟ್ಟು ಇಪ್ಪತ್ತು ವರ್ಷವಾಗಿದೆ, ಪತ್ರಿಕೆಯನ್ನು ಬೆಳಗ್ಗೆ ಚಹಾದ ಜೊತೆ ಹತ್ತು ನಿಮಿಷ ನೋಡುವವರು ಅವರು. ಅಲ್ಲಿ ಎಂಟು ಅಂಕ ಕಡಿಮೆಯಾಯಿತು. ಆದರೆ ಅವರು ನಿಜವಾಗಿ ಕಳೆದುಕೊಂಡದ್ದನ್ನು ಆ ಪಟ್ಟಿ ಕೇಳಲೇ ಇಲ್ಲ. ಅದನ್ನು ನಾನು ಕೇಳಿ ಬರೆದುಕೊಂಡೆ. ಓದುಗರು ತಮ್ಮ ದಿನದೊಡನೆ ಹೋಲಿಸಿ ನೋಡಲಿ ಎಂದು ಇಲ್ಲಿ ಕೊಡುತ್ತಿದ್ದೇನೆ.

ಪಂಪು ಗಾಳಿ ಎಳೆಯತೊಡಗಿದಾಗ ಅದರ ಸದ್ದು ಬದಲಾಗುತ್ತದೆ. ಅನುಭವಸ್ಥ ರೈತ ಹಾಸಿಗೆಯಲ್ಲಿ ಮಲಗಿಕೊಂಡೇ ಅದನ್ನು ಗುರುತಿಸುತ್ತಾನೆ. ಬೀಗರಿಗೆ ಆ ವ್ಯತ್ಯಾಸ ತಿಳಿಯುತ್ತಿಲ್ಲ. ಕಳೆದ ಬೇಸಿಗೆಯಲ್ಲಿ ಒಂದು ಮೋಟಾರು ಸುಟ್ಟಿತು. ರಾತ್ರಿ ಪಾಳಿಯಲ್ಲಿ ನೀರು ಕಟ್ಟಲು ಹೋದಾಗ ಬದುವಿನ ಮೇಲೆ ಹಾವಿನ ಬುಸುಗುಡುವಿಕೆ ಕೇಳಿಸುವುದೋ ಇಲ್ಲವೋ ಎಂಬ ಭಯದಿಂದ, ಈಗ ಒಬ್ಬರೇ ಹೋಗುವುದನ್ನು ಬಿಟ್ಟಿದ್ದಾರೆ. ಜೊತೆಗೆ ಆಳು ಬೇಕು, ಆಳಿಗೆ ಕೂಲಿ ಕೊಡಬೇಕು. ಮಂಡಿಯಲ್ಲಿ ದಲ್ಲಾಳಿ ಫೋನಿನಲ್ಲಿ ಹೇಳಿದ ದರ ಸರಿಯಾಗಿ ಕೇಳದೆ ಹೂಂ ಎಂದುಬಿಟ್ಟು, ಆಮೇಲೆ ಮಗನೊಡನೆ ಜಗಳವಾಯಿತು. ಸೊಸೈಟಿಯ ಸಭೆಗೆ ಹೋಗುವುದನ್ನು ನಿಲ್ಲಿಸಿದ್ದಾರೆ. ನಾಲ್ಕು ಜನ ಒಟ್ಟಿಗೆ ಮಾತನಾಡಿದರೆ ಒಂದೂ ತಿಳಿಯುವುದಿಲ್ಲ, ಪ್ರತಿ ಮಾತಿಗೂ ಏನು, ಏನು ಎಂದು ಕೇಳಲು ನಾಚಿಕೆ. ಹಸು ಬೆದೆಗೆ ಬಂದು ರಾತ್ರಿ ಕೂಗಿದ್ದನ್ನು ಎರಡು ಸಲ ತಪ್ಪಿಸಿಕೊಂಡರು. ಬೆದೆ ತಪ್ಪಿದರೆ ಮೂರು ವಾರ ಕಾಯಬೇಕು, ಅಷ್ಟು ದಿನದ ಹಾಲು ಹೋಯಿತೆಂದೇ ಅರ್ಥ. ಮೊಮ್ಮಗಳು ಅಡ್ಡ ಬಂದು ಏನೋ ಕೇಳಿದರೆ ರೇಗುತ್ತಾರೆ. "ಮಗೀನ ಮ್ಯಾಲೆ ಕೈ ಎತ್ತಿದ್ನಲ್ಲ ಬೀಗ್ರೆ" ಎಂದು ಅದೊಂದನ್ನು ಹೇಳುವಾಗ ಮಾತ್ರ ಅವರ ಕಣ್ಣು ತುಂಬಿತು.

ಇವುಗಳಲ್ಲಿ ಕೆಲವಕ್ಕೆ ಕಾರಣ ಮೊರೆತಕ್ಕಿಂತ ಹೆಚ್ಚಾಗಿ ಅದರ ಜೊತೆಗೇ ಬಂದಿರುವ ಕಿವಿ ಮಂದವೆಂಬುದನ್ನು ಒಪ್ಪಿಕೊಳ್ಳಬೇಕು. ಮಾತು ತಿಳಿಯದಿರುವುದು, ಹಸುವಿನ ಕೂಗು ಕೇಳದಿರುವುದು ಮಂದದ ಫಲ. ನಿದ್ದೆಗೇಡು, ಸಿಟ್ಟು, ಭಯ ಮೊರೆತದ ಫಲ. ಎರಡೂ ಒಂದೇ ಯಂತ್ರದಿಂದ ಬಂದಿರುವುದರಿಂದ ರೋಗಿ ಎಲ್ಲವನ್ನೂ ಮೊರೆತದ ಲೆಕ್ಕಕ್ಕೆ ಬರೆಯುತ್ತಾನೆ. ಹೀಗೆ ಬಿಡಿಬಿಡಿಯಾಗಿ ಬರೆದುಕೊಂಡು ಹೋದರೆ ಮಾತ್ರ ಯಾವುದಕ್ಕೆ ಯಾವ ಉಪಾಯ ಎಂದು ವೈದ್ಯರು ಬೇರ್ಪಡಿಸಬಲ್ಲರು. "ಕಿವಿ ಗುಂಯ್ ಅಂತತಿ" ಎಂಬ ಒಂದೇ ಮಾತು ಹೇಳಿದವನಿಗೆ ಮಾತ್ರೆಯ ಚೀಟಿ ಸಿಕ್ಕೀತು, ಅಷ್ಟೇ.

ಹೆಂಗಸರ ಲೆಕ್ಕ ಇನ್ನೂ ಹಿಂದೆ ಬಿದ್ದಿದೆ. ಮೆಕ್ಕೆಜೋಳದ ಯಂತ್ರದ ಬಾಯಿಗೆ ತೆನೆ ತುಂಬುವವರು ಹೆಚ್ಚಾಗಿ ಹೆಂಗಸರೇ, ಸೆರಗನ್ನು ಮೂಗಿಗೆ ಸುತ್ತಿಕೊಳ್ಳುತ್ತಾರೆ, ಕಿವಿ ತೆರೆದೇ ಇರುತ್ತದೆ. ಅವರನ್ನು ಕೇಳುವಾಗ ಒಂದು ಮಾತನ್ನು ಸೇರಿಸಿ ಕೇಳಬೇಕು: ಸದ್ದು ನಾಡಿ ಬಡಿತಕ್ಕೆ ಸರಿಯಾಗಿ ಡಬ್ ಡಬ್ ಎಂದು ಬರುತ್ತದೆಯೆ? ರಕ್ತಹೀನತೆಯಿಂದಲೂ ಇಂಥ ಮೊರೆತ ಬರುವುದುಂಟು. ಆಗ ಮದ್ದು ಬೇಕಾಗಿರುವುದು ರಕ್ತಕ್ಕೆ.

ಕೇಳಿದರೆ ಹೆಚ್ಚಾಗುವುದಿಲ್ಲವೆ?

ಈ ವಿಚಾರವನ್ನು ಒಂದಿಬ್ಬರು ಸ್ನೇಹಿತರಲ್ಲಿ ಹೇಳಿದಾಗ ಅವರು ಒಂದು ಆಕ್ಷೇಪವನ್ನೆತ್ತಿದರು. ಸುಮ್ಮನಿದ್ದವನಿಗೆ ನಿನ್ನ ಕಿವಿಯಲ್ಲಿ ಸದ್ದಿದೆಯೆ ಎಂದು ಕೇಳಿ, ಅವನು ಅದರ ಕಡೆಗೇ ಗಮನ ಕೊಡುವಂತೆ ಮಾಡಿದರೆ ಇಲ್ಲದ ಕಾಯಿಲೆಯನ್ನು ತಂದುಕೊಟ್ಟಂತಾಗುವುದಿಲ್ಲವೆ ಎಂದು. ಆಕ್ಷೇಪದಲ್ಲಿ ಹುರುಳಿದೆ. ಗಮನ ಕೊಟ್ಟಷ್ಟೂ ಮೊರೆತ ದೊಡ್ಡದಾಗಿ ಕೇಳುತ್ತದೆ; ಅಪಾಯದ ಸೂಚನೆಯೆಂದು ಮನಸ್ಸು ಒಮ್ಮೆ ತೀರ್ಮಾನಿಸಿದ ಸದ್ದನ್ನು ಅದು ಮತ್ತೆ ಮತ್ತೆ ಹುಡುಕುತ್ತದೆ. ಆದುದರಿಂದ ದಿನವೂ ಸದ್ದು ಎಷ್ಟಿದೆಯೆಂದು ಬರೆದಿಡುವುದು ತಪ್ಪು. ಪ್ರತಿದಿನ ಬೀಜವನ್ನು ಕೆದಕಿ ಮೊಳೆತಿದೆಯೆ ಎಂದು ನೋಡುವವನ ಬೆಳೆಯಂತಾದೀತು. ನಾನು ಹೇಳುತ್ತಿರುವುದು ಸದ್ದಿನ ಲೆಕ್ಕದ ಮಾತಲ್ಲ, ಕೆಲಸದ ಲೆಕ್ಕದ ಮಾತು: ಯಾವ ಕೆಲಸ ಬಿಟ್ಟುಹೋಯಿತು, ಯಾವುದಕ್ಕೆ ಇನ್ನೊಬ್ಬರ ನೆರವು ಬೇಕಾಯಿತು, ವಾರದಲ್ಲಿ ಎಷ್ಟು ರಾತ್ರಿ ನಿದ್ದೆ ಕೆಟ್ಟಿತು. ಅದನ್ನೂ ಒಮ್ಮೆ ಬರೆದು ಪುಸ್ತಕ ಮುಚ್ಚಿಡಬೇಕು, ಮೂರು ತಿಂಗಳ ನಂತರ ತೆಗೆದು ಇನ್ನೊಮ್ಮೆ ಬರೆಯಬೇಕು. ಆ 25 ಪ್ರಶ್ನೆಗಳ ಪಟ್ಟಿಯಲ್ಲಿ ಕೂಡ ಏಳೆಂಟು ಅಂಕದಷ್ಟಾದರೂ ವ್ಯತ್ಯಾಸವಾಗದಿದ್ದರೆ ನಿಜವಾದ ಬದಲಾವಣೆಯೆಂದು ತಜ್ಞರು ಎಣಿಸುವುದಿಲ್ಲ. ಯಾವುದಾದರೂ ಎಣ್ಣೆ, ಪುಡಿ, ಮಾತ್ರೆ ಮಾರುವವರು ಗುಣವಾಯಿತೆಂದು ಹೇಳಿದಾಗ ಈ ಒಂದು ಅಳತೆ ಕೈಯಲ್ಲಿದ್ದರೆ ಮೋಸಹೋಗುವುದು ತಪ್ಪುತ್ತದೆ.

ಎಣ್ಣೆಯ ಮಾತು ಬಂದುದರಿಂದ ಹೇಳಬೇಕು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡುವ ರೂಢಿ ನಮ್ಮಲ್ಲಿ ಹೋಗಿಲ್ಲ. ಕಿವಿಯ ತಮಟೆ ತೂತಾಗಿದ್ದರೆ ಆ ಎಣ್ಣೆ ಒಳಗೆ ಇಳಿದು ಕೀವಾಗುತ್ತದೆ. ಕಡ್ಡಿ, ಪಿನ್ನು ಹಾಕುವುದಂತೂ ಬೇಡವೇ ಬೇಡ.

ಕೆಲವು ಸಂದರ್ಭಗಳಲ್ಲಿ ಲೆಕ್ಕ ಬರೆಯುತ್ತ ಕೂರಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಒಂದೆರಡು ದಿನದಲ್ಲಿ ಒಮ್ಮೆಲೇ ಕಿವಿ ಕೇಳದಂತಾಗಿ ಮೊರೆತ ಬಂದರೆ ಮಾರನೆಯ ದಿನಕ್ಕೆ ಹಾಕಬೇಡಿರಿ. ಮೊದಲ ದಿನಗಳಲ್ಲಿ ಚಿಕಿತ್ಸೆ ಸಿಕ್ಕರೆ ಕೇಳುವಿಕೆ ಮರಳುವ ಸಂಭವವಿದೆ, ತಡವಾದಷ್ಟೂ ಅದು ಕಡಿಮೆ. ಒಂದೇ ಕಿವಿಯಲ್ಲಿ ನಿಲ್ಲದೆ ಬರುವ ಮೊರೆತ, ನಾಡಿಯಂತೆ ಬಡಿಯುವ ಮೊರೆತ, ತಲೆ ತಿರುಗುವುದು, ಕಿವಿಯಿಂದ ಕೀವು ಅಥವಾ ರಕ್ತ, ಮುಖ ಒಂದು ಕಡೆಗೆ ವಾಲುವುದು ಇವೂ ವೈದ್ಯರಿಗೆ ತೋರಿಸಬೇಕಾದವೇ. ಇನ್ನು, ಈ ಸದ್ದಿಗಿಂತ ಸಾಯುವುದೇ ಮೇಲು ಎಂಬ ಮಾತು ಯಾರ ಬಾಯಿಂದಲಾದರೂ ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಅವರನ್ನು ಒಂಟಿಯಾಗಿ ಬಿಡಬಾರದು. ಮನಸ್ಸಿನ ತೊಂದರೆಗೆ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆಯಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಮಾತ್ರೆಯಿಲ್ಲವೆಂದ ಮಾತ್ರಕ್ಕೆ ಉಪಾಯವಿಲ್ಲವೆಂದಲ್ಲ. ಗುಗ್ಗೆಯಿದ್ದರೆ ತೆಗೆಸಿದರೆ ಮುಗಿಯಿತು. ಕಿವಿ ಮಂದವಾಗಿದ್ದವರಿಗೆ ಶ್ರವಣ ಸಾಧನ ಹಾಕಿದಾಗ, ಹೊರಗಿನ ಸದ್ದು ಮಿದುಳಿಗೆ ಮತ್ತೆ ಸಿಕ್ಕುವುದರಿಂದ, ಎಷ್ಟೋ ಜನರಿಗೆ ಮೊರೆತವೂ ಹಿಂದೆ ಸರಿಯುತ್ತದೆ. ರಾತ್ರಿ ಪೂರ್ತಿ ನಿಶ್ಶಬ್ದದಲ್ಲಿ ಮಲಗದೆ, ಫ್ಯಾನನ್ನೋ ರೇಡಿಯೋವನ್ನೋ ಮೊರೆತಕ್ಕಿಂತ ಸಣ್ಣ ಸದ್ದಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಸದ್ದನ್ನು ಕಂಡು ಹೆದರುವ ಮನಸ್ಸನ್ನು ಪಳಗಿಸುವ ಮಾತಿನ ಚಿಕಿತ್ಸೆಯೊಂದಿದೆ. ಮೊರೆತದಿಂದಾಗುವ ಸಂಕಟವನ್ನು ತಗ್ಗಿಸುವಲ್ಲಿ ಹೆಚ್ಚು ಆಧಾರವಿರುವುದು ಅದಕ್ಕೇ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ, ಅಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಬಹುದು. ಹೆಚ್ಚಿನ ಪರೀಕ್ಷೆ ಬೇಕಾದವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ದೇಶದಲ್ಲಿಯೇ ಹೆಸರಾದ ಇಂಥ ಸಂಸ್ಥೆ ನಮ್ಮ ರಾಜ್ಯದಲ್ಲಿದ್ದೂ ಅದರ ಹೆಸರನ್ನೇ ಕೇಳದ ರೈತರು ಬಹಳ.

ನಮ್ಮ ಪಾಲಿನ ತಪ್ಪು

ಹಲವು ವರ್ಷ ವಿಸ್ತರಣಾ ಕೆಲಸದಲ್ಲಿದ್ದ ನಾನು ಎಷ್ಟೋ ಟ್ರ್ಯಾಕ್ಟರ್ ತರಬೇತಿಗಳಲ್ಲಿ ಪಾಠ ಹೇಳಿದ್ದೇನೆ. ಎಣ್ಣೆ ಯಾವಾಗ ಬದಲಿಸಬೇಕು, ಗಾಳಿ ಶೋಧಕವನ್ನು ಹೇಗೆ ತೊಳೆಯಬೇಕು, ಟೈರಿನಲ್ಲಿ ನೀರು ಎಷ್ಟು ತುಂಬಬೇಕು, ಎಲ್ಲವನ್ನೂ ಹೇಳಿದ್ದೇನೆ. ಅದನ್ನು ಓಡಿಸುವವನ ಕಿವಿಯ ಬಗ್ಗೆ ಒಂದು ದಿನವೂ ಹೇಳಿದ ನೆನಪಿಲ್ಲ. ಕೀಟನಾಶಕ ಸಿಂಪಡಿಸುವಾಗ ಮೂಗು ಬಾಯಿ ಮುಚ್ಚಿಕೊಳ್ಳಿರೆಂದು ನಾವು ಎಷ್ಟು ಸಲ ಹೇಳಿದ್ದೇವೋ, ಅದರಲ್ಲಿ ಕಾಲುಭಾಗವಾದರೂ ಕಿವಿ ಮುಚ್ಚಿಕೊಳ್ಳಿರೆಂದು ಹೇಳಿದ್ದರೆ ನಮ್ಮ ಬೀಗರು ನಡುರಾತ್ರಿ ಸಂಪಿನ ಮೋಟಾರು ಮುಟ್ಟಿ ನೋಡುವ ಪ್ರಸಂಗ ಬರುತ್ತಿರಲಿಲ್ಲವೇನೋ.

ಇದಕ್ಕೆ ದೊಡ್ಡ ಯೋಜನೆ ಬೇಕಾಗಿಲ್ಲ. ಮೆತ್ತನೆಯ ಸ್ಪಂಜಿನ ಕಿವಿಬೆಣೆಯೊಂದರ ಜೊತೆಗೆ ಚಹಾ ತಿಂಡಿಯ ಖರ್ಚು ಮಾತ್ರ. ಹೆಬ್ಬೆರಳು ತೋರುಬೆರಳಿನ ನಡುವೆ ಅದನ್ನು ಹೊಸೆದು ಸಣ್ಣದು ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆದು, ಒಳಗೆ ಸೇರಿಸಿ, ಅದು ಉಬ್ಬಿಕೊಳ್ಳುವವರೆಗೆ ಬೆರಳಿನಿಂದ ಒತ್ತಿ ಹಿಡಿಯಬೇಕು. ತಲೆಗೆ ಹಾಕುವ ಬಟ್ಟಲಿನಂಥ ಕಿವಿಮುಚ್ಚಳ ತುಸು ದುಬಾರಿ, ಆದರೆ ವರ್ಷಗಟ್ಟಲೆ ಬರುತ್ತದೆ. ಹತ್ತಿ ಇಟ್ಟುಕೊಂಡರೆ ಸಾಕೆಂಬ ಭ್ರಮೆ ಬೇಡ, ಹತ್ತಿ ತಡೆಯುವ ಸದ್ದು ಬಲು ಕಡಿಮೆ. ಹಾಗೆಂದು ಮೊರೆತ ಬಂದವರು ಮನೆಯಲ್ಲಿ ಕುಳಿತಾಗಲೂ ಕಿವಿ ಮುಚ್ಚಿಕೊಂಡಿರಬಾರದು. ನಿಶ್ಶಬ್ದದಲ್ಲಿ ಅದು ಮತ್ತಷ್ಟು ಜೋರಾಗಿ ಕೇಳುತ್ತದೆ. ಕಿವಿಬೆಣೆ ಯಂತ್ರದ ಹೊತ್ತಿಗೆ ಮಾತ್ರ.

ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳು ಪ್ರತಿ ಯಂತ್ರದ ಕೀಲಿಯ ಜೊತೆಗೆ ಒಂದು ಕಿವಿಮುಚ್ಚಳವನ್ನೂ ಕೊಡಬೇಕೆಂಬುದು ನನ್ನ ಮೊದಲನೆಯ ಸಲಹೆ. ಸಹಾಯಧನದಲ್ಲಿ ಯಂತ್ರ ಕೊಡುವಾಗ ಚಾಲಕನ ಕಿವಿಯ ಬಳಿ ಅದರ ಸದ್ದೆಷ್ಟು ಎಂಬುದನ್ನು ಕನ್ನಡದಲ್ಲಿ ಬರೆದು ಅಂಟಿಸಬೇಕೆಂಬುದು ಎರಡನೆಯದು. ಮೂರನೆಯದು ಪ್ರಶ್ನೆಗಳ ಪಟ್ಟಿಯನ್ನು ಕುರಿತದ್ದು. ಕೃಷಿ ವಿಜ್ಞಾನ ಕೇಂದ್ರದವರು ಹಳ್ಳಿಗಳಲ್ಲಿ ತರಬೇತಿ ನಡೆಸುವಾಗ ಶ್ರವಣ ತಜ್ಞರೊಬ್ಬರನ್ನು ಜೊತೆಗೆ ಕೂರಿಸಿಕೊಂಡು, ಆ 25 ಪ್ರಶ್ನೆಗಳೊಂದಿಗೆ ಪಂಪಿನ ಸದ್ದು, ರಾತ್ರಿ ನೀರು ಕಟ್ಟುವುದು, ದನದ ಕೂಗು, ಮಂಡಿಯ ಫೋನು, ಸಭೆಯಲ್ಲಿ ಮಾತು ತಿಳಿಯುವುದು ಇವನ್ನೂ ಕೇಳಿ ಬರೆದುಕೊಳ್ಳಲಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಪಟ್ಟಿ ಮಾಡಿರುವ 21 ಬಗೆಯ ನ್ಯೂನತೆಗಳಲ್ಲಿ ಕಿವಿ ಕೇಳದಿರುವುದಕ್ಕೆ ಜಾಗವಿದೆ, ಡೆಸಿಬಲ್ ಲೆಕ್ಕದಲ್ಲಿ, ಮೊರೆತಕ್ಕೆ ಜಾಗವಿಲ್ಲ. ಸರ್ಕಾರದ ಕಾಗದದ ಮೇಲೆ ನಮ್ಮ ಬೀಗರಿಗೆ ಏನೂ ಆಗಿಲ್ಲ. ರೈತರ ಬದುಕಿನಿಂದ ಎಷ್ಟು ಕೆಲಸ, ಎಷ್ಟು ನಿದ್ದೆ ಹೋಗುತ್ತಿದೆಯೆಂಬ ಲೆಕ್ಕ ಹಳ್ಳಿಗಳಿಂದಲೇ ಬಾರದೆ ಈ ಕಾಗದ ಬದಲಾಗುವಂತೆ ಕಾಣುವುದಿಲ್ಲ.

ಬೀಗರು ಎರಡೂ ಕಿವಿಗೆ ಸಾಧನ ಹಾಕಿಸಿಕೊಂಡು, ರಾತ್ರಿ ತಲೆದಿಂಬಿನ ಬಳಿ ಸಣ್ಣ ಸದ್ದಿನಲ್ಲಿ ರೇಡಿಯೋ ಇಟ್ಟುಕೊಂಡು ಮಲಗುತ್ತಿದ್ದಾರೆ. ಮೂರು ತಿಂಗಳ ಮೇಲೆ ಇನ್ನೊಮ್ಮೆ ಪಟ್ಟಿ ಕೇಳಿದಾಗ 62 ಇದ್ದದ್ದು 44ಕ್ಕೆ ಇಳಿದಿತ್ತು. ಸದ್ದು ಕಡಿಮೆಯಾಗಿದೆಯೆ ಎಂದು ಕೇಳಿದೆ. "ಇಲ್ಲ, ಅದು ಹಂಗೇ ಐತಿ" ಎಂದರು. ಮೊನ್ನೆ ಅವರಿಂದ ಫೋನು ಬಂದಾಗ ಕಿವಿಯ ವಿಷಯವೇ ಇರಬೇಕೆಂದು ಎತ್ತಿಕೊಂಡೆ. ಈ ಸಲ ಭದ್ರಾ ನಾಲೆಗೆ ಯಾವ ತಾರೀಖಿಗೆ ನೀರು ಬಿಡುತ್ತಾರೆ, ಊರಿಗೆ ಹೊರಡಬೇಕು ಎಂದು ಕೇಳಲು ಮಾಡಿದ್ದರು.